ಮಗಳ ಭೇಟಿಗೆ ಆದೇಶ ಸಿಕ್ಕಿದ್ದು ಹೀಗೆ
ನಾನಿರುವುದು ಮೈಸೂರು. ಬೇರೆಯಾದ ಮೇಲೆ ಮಗಳು ತಾಯಿ ಜೊತೆ ಮಂಡ್ಯದಲ್ಲಿದ್ದಾಳೆ, ಶಾಲೆಯೂ ಅಲ್ಲೇ. ಏಳು ತಿಂಗಳು ನೋಡಲು ಬಿಡಲಿಲ್ಲ.

ಪೊಲೀಸರು ಸಿವಿಲ್ ವಿಷಯ ಅಂದರು. ಹಿರಿಯರ ಪಂಚಾಯಿತಿ ಎರಡು ವಾರ ನಡೆಯಿತು, ಅಷ್ಟೇ. ಮೈಸೂರು ಕೋರ್ಟಿನಲ್ಲಿ ಹಾಕಿದ ಅರ್ಜಿ ವಾಪಸ್ ಬಂತು.

ತಪ್ಪು ನನ್ನದೇ. ಮಕ್ಕಳ ಪಾಲನೆಗೆ ಸಂಬಂಧಿಸಿದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಮಗು ಸಾಮಾನ್ಯವಾಗಿ ವಾಸವಿರುವ ಕಡೆಯ ಕೋರ್ಟಿಗೇ ಹೋಗಬೇಕು. ಅಪ್ಪನ ವಿಳಾಸ ಲೆಕ್ಕಕ್ಕಿಲ್ಲ. ಶಾಲೆಯ ವ್ಯಾಸಂಗ ಪ್ರಮಾಣಪತ್ರ ಲಗತ್ತಿಸಿ ಮಂಡ್ಯದಲ್ಲಿ ಮತ್ತೆ ಹಾಕಿದೆ. ಅದೇ ದಿನ 12ನೇ ಸೆಕ್ಷನ್ ಅಡಿ ಮಧ್ಯಂತರ ಅರ್ಜಿಯನ್ನೂ (ಕೇಸು ಮುಗಿಯುವವರೆಗೆ ತಾತ್ಕಾಲಿಕ ಆದೇಶ ಕೇಳುವುದು) ಕೊಟ್ಟೆ. ಇದನ್ನು ಬಿಡಬೇಡಿ, ಮುಖ್ಯ ಕೇಸು ಎಳೆಯುತ್ತಲೇ ಇರುತ್ತದೆ. ಸುಮ್ನೆ ‘ಭೇಟಿಗೆ ಅವಕಾಶ ಕೊಡಿ’ ಅಂತ ಬರೆಯಲಿಲ್ಲ. ಭಾನುವಾರ 10ರಿಂದ 4, ಅಜ್ಜಿ ಮನೆಯಿಂದ ಕರೆದೊಯ್ದು ಅಲ್ಲಿಗೇ ಬಿಡುವುದು, ಬುಧವಾರ ಸಂಜೆ ವಿಡಿಯೊ ಕರೆ ಎಂದು ಬಿಡಿಬಿಡಿಯಾಗಿ ಬರೆದೆ. ಆದೇಶ ಬಹುತೇಕ ಹಾಗೇ ಬಂತು. ವಿಡಿಯೊ ಕರೆ ಮಾತ್ರ 15 ನಿಮಿಷ.