ಸಂಯುಕ್ತ ಎಲೆ ಅಂದರೆ ಯಾವುದು? ಕಣ್ಣಲ್ಲೇ ಗುರುತಿಸಿ

ಮಕ್ಕಳ ಕನ್ನಡ ಮೀಡಿಯಂ ಪುಸ್ತಕದಲ್ಲಿ ‘ಸಂಯುಕ್ತ ಎಲೆ’ (ಹಲವು ಕಿರುಎಲೆಗಳಾಗಿ ಒಡೆದಿರುವ ಒಂದೇ ಎಲೆ) ಅಂತ ಬಂದರೆ ಎಲೆ ಎಣಿಸಬೇಡಿ, ತೊಟ್ಟಿನ ಬುಡದಲ್ಲಿ ಮೊಗ್ಗು ಹುಡುಕಿ. ಮೊಗ್ಗು ಯಾವ ತೊಟ್ಟಿನ ಕಂಕುಳಲ್ಲಿ (ತೊಟ್ಟು ರೆಂಬೆಗೆ ಸೇರುವ ಸಂದಿಯಲ್ಲಿ) ಇದೆಯೋ ಅಲ್ಲಿಂದ ತುದಿವರೆಗೆ ಎಲ್ಲಾ ಸೇರಿ ಒಂದೇ ಎಲೆ. ಕಿರುಎಲೆಗಳ ಬುಡದಲ್ಲಿ ಮೊಗ್ಗು ಬರುವುದಿಲ್ಲ, ಅವು ಎಲೆಯ ತುಂಡುಗಳು ಅಷ್ಟೇ. ಕರಿಬೇವಿನಸೊಪ್ಪಿನ ಇಡೀ ಕಡ್ಡಿ ಒಂದು ಎಲೆ. (ಸಾರಿನ ಒಗ್ಗರಣೆಗೆ ‘ಹತ್ತು ಎಲೆ’ ಅಂತ ಲೆಕ್ಕ ಹಿಡಿದು ಹಾಕಿದರೆ ಕಷ್ಟ!) ಬಿಲ್ವಪತ್ರೆಯ ಮೂರು ದಳವೂ ಒಂದೇ ಎಲೆ. ಮೋಸ ಮಾಡುವುದು ತೋಟದ ಬದಿಯ ನೆಲನೆಲ್ಲಿ. ನೋಡಲು ನಾಚಿಕೆ ಮುಳ್ಳಿನ ಎಲೆಯ ಹಾಗೆಯೇ ಇರುತ್ತದೆ. ಕಡ್ಡಿ ಮಗುಚಿ ನೋಡಿ, ಒಂದೊಂದು ಎಲೆಯ ಬುಡದಲ್ಲೂ ಸಾಸಿವೆ ಗಾತ್ರದ ಹೂವೋ ಕಾಯೋ ನೇತಾಡುತ್ತಿರುತ್ತದೆ. ಮಲಯಾಳದಲ್ಲಿ ಇದಕ್ಕೆ ಕೀಳಾರ್‌ನೆಲ್ಲಿ ಅನ್ನುವುದು ಸುಮ್ನೆ ಅಲ್ಲ, ‘ಕೀಳ್’ ಅಂದರೆ ಕೆಳಗೆ. ಹಾಗಾಗಿ ಅದು ಸಂಯುಕ್ತ ಎಲೆಯಲ್ಲ, ಸಾದಾ ಎಲೆಗಳಿರುವ ರೆಂಬೆ. ದೊಡ್ಡ ನೆಲ್ಲಿಯದ್ದೂ ಇದೇ ಕಥೆ, ಆದರೆ ಹೂವಿಲ್ಲದ ಕಾಲದಲ್ಲಿ ಅದರ ಮೊಗ್ಗು ಬರಿಗಣ್ಣಿಗೆ ಕಾಣುವುದು ಕಷ್ಟ, ಕಡ್ಡಿಯೂ ಎಲೆಯ ಹಾಗೆ ಇಡಿಯಾಗಿ ಉದುರುತ್ತದೆ. ಜರಿಗಿಡಗಳಿಗಂತೂ ಈ ಉಪಾಯ ನಡೆಯುವುದಿಲ್ಲ, ಅವುಗಳ ಎಲೆಯ ಕಂಕುಳಲ್ಲಿ ಇಂಥ ಮೊಗ್ಗು ಸಿಗುವುದಿಲ್ಲ.