ಮೈಲುತುತ್ತದ ನೀರು ಹೋದದ್ದೆಲ್ಲಿ?

ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಮೈಲುತುತ್ತ ಹೊಸದಲ್ಲ. ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸಲು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಮಗ್ಗಿಯ ಹಾಗೆ ಬಾಯಿಪಾಠ. ರಸಾಯನಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದ ಮೇಲೆ, ಅದೇ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಗಂಧಕಾಮ್ಲದ ಜೊತೆ ಹೇಗೆ ವರ್ತಿಸುತ್ತದೆ ಎಂದು ನೋಡಬೇಕೆನಿಸಿತು.

ಬರೀ ನೀರಾದರೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರಿಗೆ ಸುಮಾರು 20 ಗ್ರಾಂ ನಿರ್ಜಲ (ನೀರಿನಂಶವಿಲ್ಲದ) ಲವಣ ಕರಗುತ್ತದೆ. ಅಂಥ ಪರ್ಯಾಪ್ತ, ಅಂದರೆ ಇನ್ನು ಲವಣ ಕರಗದಷ್ಟು ತುಂಬಿದ, ದ್ರಾವಣದ ಬೀಕರನ್ನು ತಣ್ಣೀರಿನಲ್ಲಿಟ್ಟು, ಕಲಕುತ್ತಾ, ಪ್ರಬಲ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ನುಣುಪಾದ ನೀಲಿ ಪುಡಿ ಕೂತಿತು. ಆಮ್ಲದಿಂದ ಸಲ್ಫೇಟ್ ಅಯಾನುಗಳು ಹೆಚ್ಚುತ್ತವೆ. ಜೊತೆಗೆ ಅದು ಇದ್ದ ನೀರನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಹಾಗಾಗಿ ಲವಣ ಹೊರಬೀಳುತ್ತದೆ.

ಎಡವಿದ್ದು ಆಮೇಲೆ. ಪುಡಿಯನ್ನು ಸೋಸಿ, ನೀರಿನಲ್ಲಿ ತೊಳೆದರೆ ಕರಗಿಹೋಗುತ್ತದೆಂದು ಆಲ್ಕೊಹಾಲಿನಲ್ಲಿ ತೊಳೆದು, ರಾತ್ರಿಯಿಡೀ 110 ಡಿಗ್ರಿಯ ಓವನ್ನಿನಲ್ಲಿಟ್ಟೆ. ಮರುದಿನ ಕ್ರೂಸಿಬಲ್‌ನಲ್ಲಿ (ಶಾಖ ತಡೆಯುವ ಪುಟ್ಟ ಬಟ್ಟಲು) 250 ಡಿಗ್ರಿಗೂ ಮೇಲೆ ಕಾಯಿಸಿ ತೂಗಿದಾಗ ತೂಕದಲ್ಲಿ ಇಳಿದದ್ದು ಶೇಕಡಾ 10ರಷ್ಟು ಮಾತ್ರ. ಮಾಮೂಲಿ ನೀಲಿ ಮೈಲುತುತ್ತದಂತೆ ಪ್ರತಿ ಘಟಕಕ್ಕೆ ಐದು ನೀರಿನಣುಗಳಿರುವ ಲವಣವಾಗಿದ್ದರೆ ಶೇಕಡಾ 36 ಇಳಿಯಬೇಕಿತ್ತು. ಶೇಕಡಾ 10 ಒಂದೇ ನೀರಿನಣುವಿನ ಲೆಕ್ಕ. ಆಮ್ಲವೇ ನಾಲ್ಕು ನೀರನ್ನು ಕಿತ್ತುಕೊಂಡಿತೆಂದು ಸಂಭ್ರಮದಿಂದ ಟಿಪ್ಪಣಿ ಪುಸ್ತಕದಲ್ಲಿ ಬರೆದೆ.

ಎರಡು ದಿನ ಕಳೆದ ಮೇಲೆ ಒಂದು ಸಂಗತಿ ಕಾಡತೊಡಗಿತು. ಸೋಸುವಾಗ ಆ ಪುಡಿ ಗಾಢ ನೀಲಿಯಾಗಿತ್ತಲ್ಲ! ಓವನ್ನಿನಿಂದ ತೆಗೆದಾಗ ಮಾತ್ರ ಅದು ಬಿಳಿಚಿಕೊಂಡಿತ್ತು. ನೀಲಿಯಿದ್ದರೆ ನೀರಿದೆ, ಬಿಳಿಚಿದರೆ ನೀರು ಹೋಗಿದೆ ಎಂದು ಬಣ್ಣ ಕಣ್ಣೆದುರೇ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. 110 ಡಿಗ್ರಿಯಲ್ಲಿ ನಾಲ್ಕು ನೀರಿನಣುಗಳು ಓವನ್ನಿನಲ್ಲಿಯೇ ಹಾರಿಹೋಗುತ್ತವೆ. ಕೊನೆಯದೊಂದು ಹಠಮಾರಿ, ಅದಕ್ಕೆ ಇನ್ನೂ ಹೆಚ್ಚಿನ ಶಾಖ ಬೇಕು. ಮತ್ತೆ ಮಾಡಿ, ಈ ಬಾರಿ ಸೋಸುಕಾಗದದ ಮೇಲೆ ಗಾಳಿಗೆ ಒಣಗಿಸಿದೆ. 2.50 ಗ್ರಾಂ ಪುಡಿ ಕಾಯಿಸಿದ ಮೇಲೆ 1.60 ಗ್ರಾಂ ಉಳಿಯಿತು. ಐದೂ ನೀರು ಅಲ್ಲಿಯೇ ಇದ್ದವು.

ಹಾಗೆಂದು ಆಮ್ಲಕ್ಕೆ ನೀರು ಕಸಿಯುವ ಶಕ್ತಿಯಿಲ್ಲವೆಂದಲ್ಲ. ಆಮ್ಲದ ಪ್ರಮಾಣ ಹೆಚ್ಚಿದಂತೆ ಮೂರು ನೀರಿನ, ಒಂದು ನೀರಿನ ರೂಪಗಳು ಸ್ಥಿರವಾಗಿ ಉಳಿಯುತ್ತವೆ. ಬರೀ ನೀರಿನಲ್ಲಿ ಮೂರು ನೀರಿನ ರೂಪ ಬರಬೇಕಾದರೆ ದ್ರಾವಣ ಸುಮಾರು 96 ಡಿಗ್ರಿ ಮುಟ್ಟಬೇಕು. ಕೊನೆಗೆ ಒಂದು ನೀಲಿ ಹರಳನ್ನು ನೇರವಾಗಿ ಪ್ರಬಲ ಆಮ್ಲಕ್ಕೆ ಹಾಕಿಟ್ಟೆ. ಅಂಚಿನಿಂದ ಒಳಕ್ಕೆ, ನಿಧಾನವಾಗಿ, ಅದು ಬೆಳ್ಳಗಾಗುತ್ತಾ ಹೋಯಿತು.