ಪಾಯಿಂಟ್ಸ್ ಕೊಟ್ಟು ಸಿಂಗಾಪುರದಲ್ಲಿ ರೂಮು: ನಾನು ಹಾಕಿದ ಲೆಕ್ಕ

ಆಫೀಸ್ ಕೆಲಸಕ್ಕೆ ಊರೂರು ಸುತ್ತುವವರ ಹೆಸರಲ್ಲಿ ಒಂದು ಸಣ್ಣ ಉಳಿತಾಯ ಸದ್ದಿಲ್ಲದೆ ಬೆಳೆಯಬಹುದು, ಆದರೆ ತುಂಬಾ ಜನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಹೋಟೆಲ್ ಬಿಲ್ಲು ಕಂಪನಿ ಕಟ್ಟುತ್ತದೆ ನಿಜ. ಆದರೆ ಹೋಟೆಲಿನವರು ತಮ್ಮ ಮೆಂಬರ್‌ಗಳಿಗೆ ಕೊಡುವ ಪಾಯಿಂಟ್ಸ್, ಅಂದರೆ ಮುಂದೆ ದುಡ್ಡಿನ ಬದಲು ಕೊಟ್ಟು ರೂಮು ಪಡೆಯುವಂಥದ್ದು, ಬರುವುದು ಅಲ್ಲಿ ಮಲಗಿ ಎದ್ದವರ ಹೆಸರಿಗೆ. ಮೆಂಬರ್ ನಂಬರ್ ಕೊಡದೆ ಚೆಕ್‌ಇನ್ ಮಾಡಿದರೆ ಅದು ಯಾರಿಗೂ ಸಿಗುವುದಿಲ್ಲ, ಅಷ್ಟೇ.

ನಾನು ಜಾಸ್ತಿ ಉಳಿಯುವುದು ಹಾಲಿಡೇ ಇನ್ ಎಕ್ಸ್‌ಪ್ರೆಸ್‌ನಲ್ಲಿ. ಪುಣೆಗೆ ಹೋದರೆ ಹಿಂಜೆವಾಡಿ, ಹೈದರಾಬಾದಿಗೆ ಹೋದರೆ ಹೈಟೆಕ್ ಸಿಟಿ, ಚೆನ್ನೈಗೆ ಹೋದರೆ ಒಎಂಆರ್, ಎಲ್ಲ ಕಡೆ ಒಂದೇ ಥರದ ರೂಮು, ಒಂದೇ ಥರದ ತಿಂಡಿ. ಇದು ಐಎಚ್‌ಜಿ ಅನ್ನುವ ಹೋಟೆಲ್ ಗುಂಪಿನದು. ಇಂಟರ್‌ಕಾಂಟಿನೆಂಟಲ್, ಕ್ರೌನ್ ಪ್ಲಾಜಾ ಕೂಡ ಅದೇ ಗುಂಪು. ಹಾಗಾಗಿ ಹಿಂಜೆವಾಡಿಯಲ್ಲಿ ಕೂಡಿಸಿದ ಪಾಯಿಂಟ್ಸ್ ಸಿಂಗಾಪುರದಲ್ಲೂ ನಡೆಯುತ್ತದೆ, ಲಂಡನ್‌ನಲ್ಲೂ ನಡೆಯುತ್ತದೆ. ಹೆಂಡತಿ ಮತ್ತು ಅಮ್ಮನನ್ನು ಸಿಂಗಾಪುರಕ್ಕೆ ಕರೆದುಕೊಂಡು ಹೋಗಬೇಕು ಅಂತ ಹೊರಟಾಗ ನಾನು ಬಳಸಿದ್ದು ಈ ಪಾಯಿಂಟ್ಸ್‌ಗಳನ್ನೇ.

ಮೊದಲು ಒಂದು ಭ್ರಮೆ ಬಿಡಬೇಕು. ನಮ್ಮ ಊರಿನ ಬೆಲೆಯಲ್ಲಿ ಪಾಯಿಂಟ್ಸ್ ತುಂಬಾ ನಿಧಾನವಾಗಿ ಬೆಳೆಯುತ್ತದೆ. ರೂಮಿನ ಬಾಡಿಗೆಯಲ್ಲಿ ಪ್ರತಿ ಅಮೆರಿಕನ್ ಡಾಲರಿಗೆ 10 ಪಾಯಿಂಟ್, ಟ್ಯಾಕ್ಸ್ ಲೆಕ್ಕಕ್ಕಿಲ್ಲ. ರೂಮು 5,000 ರೂಪಾಯಿ, ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ ಒಂದು ರಾತ್ರಿಗೆ 590 ಪಾಯಿಂಟ್ ಹತ್ತಿರ ಬರುತ್ತದೆ. ಸಿಂಗಾಪುರದಲ್ಲಿ ಒಂದು ರಾತ್ರಿಯ ರೂಮಿಗೆ ಕೇಳಬಹುದಾದ 30,000 ಪಾಯಿಂಟ್ ಆಗಬೇಕಾದರೆ ಐವತ್ತು ರಾತ್ರಿ! ಪುಣ್ಯಕ್ಕೆ ಹಾಗೇ ಇರುವುದಿಲ್ಲ. ಮೆಂಬರ್‌ಗಳಲ್ಲಿ ದರ್ಜೆಗಳಿವೆ, ವರ್ಷದಲ್ಲಿ 10 ರಾತ್ರಿ ಆದರೆ ಸಿಲ್ವರ್, 20 ಆದರೆ ಗೋಲ್ಡ್, 40 ಆದರೆ ಪ್ಲಾಟಿನಂ. ಸಿಲ್ವರ್‌ಗೆ ಶೇ. 20 ಹೆಚ್ಚುವರಿ ಪಾಯಿಂಟ್ಸ್, ಗೋಲ್ಡ್‌ಗೆ ಶೇ. 40, ಪ್ಲಾಟಿನಂಗೆ ಶೇ. 60. ಇದರ ಮೇಲೆ ಆಗಾಗ ಪ್ರೊಮೋಷನ್ ಬರುತ್ತದೆ, ಇಷ್ಟು ರಾತ್ರಿ ಉಳಿದರೆ ಇಷ್ಟು ಬೋನಸ್ ಅಂತ. ನನ್ನ ಖಾತೆ ನಿಜವಾಗಿ ಬೆಳೆದದ್ದು ಈ ಬೋನಸ್‌ಗಳಿಂದ. ಆದರೆ ಆ್ಯಪ್‌ನಲ್ಲಿ ಮೊದಲೇ ರಿಜಿಸ್ಟರ್ ಬಟನ್ ಒತ್ತಿರಬೇಕು. ಒತ್ತದಿದ್ದರೆ ಎಷ್ಟು ರಾತ್ರಿ ಉಳಿದರೂ ಸೊನ್ನೆ.

ಇನ್ನೊಂದು ವಿಷಯ, ಬುಕಿಂಗ್ ಹೋಟೆಲಿನವರದೇ ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ ಆಗಬೇಕು. ಮೇಕ್‌ಮೈಟ್ರಿಪ್ ಥರದ ಕಡೆ ಇನ್ನೂರು ಮುನ್ನೂರು ಕಡಿಮೆ ಸಿಕ್ಕಿತು ಅಂತ ಅಲ್ಲಿ ಮಾಡಿದರೆ ಪಾಯಿಂಟ್ಸ್ ಬರುವುದಿಲ್ಲ. ಆಫೀಸಿನ ಟ್ರಾವೆಲ್ ಡೆಸ್ಕ್ ಬುಕ್ ಮಾಡುವುದಾದರೆ ಪಾಯಿಂಟ್ಸ್ ಬರುವ ರೇಟಿನಲ್ಲೇ ಮಾಡುತ್ತಿದ್ದಾರಾ ಅಂತ ಕೇಳಿ, ಮೆಂಬರ್ ನಂಬರ್ ಹಾಕಿಸಿ. ಕೇಳುವುದಕ್ಕೆ ಸಂಕೋಚ ಬೇಡ, ಕಂಪನಿಗೆ ಇದರಿಂದ ಒಂದು ಪೈಸೆಯೂ ಜಾಸ್ತಿ ಆಗುವುದಿಲ್ಲ.

ಇಷ್ಟೆಲ್ಲ ಮಾಡಿ ಪಾಯಿಂಟ್ಸ್ ಸೇರಿದ ಮೇಲೆ ಶುರುವಾಗುವುದು ಆಸೆ. ಸಿಂಗಾಪುರದ ಬುಗಿಸ್‌ನಲ್ಲಿ ಹಳೆಯ ಅಂಗಡಿಮನೆಗಳ ಪಕ್ಕ ಇಂಟರ್‌ಕಾಂಟಿನೆಂಟಲ್ ಇದೆ, ಫೋಟೋ ನೋಡಿದರೆ ಅಲ್ಲೇ ಹೋಗಿ ಮಲಗಿಬಿಡೋಣ ಅನಿಸುತ್ತದೆ. ಪಾಯಿಂಟ್ಸ್ ಬಗ್ಗೆ ತಿಳಿದವರು ಹೇಳುವುದೂ ಅದನ್ನೇ. ಒಂದು ಪಾಯಿಂಟಿಗೆ ಜಾಸ್ತಿ ಬೆಲೆ ಬರುವುದು ದೊಡ್ಡ ಹೋಟೆಲಿನಲ್ಲಿ, ಎಕ್ಸ್‌ಪ್ರೆಸ್‌ಗೆ ಹಾಕಿ ವೇಸ್ಟ್ ಮಾಡಬೇಡ ಅಂತ. ಲೆಕ್ಕದ ಪ್ರಕಾರ ಅವರು ಹೇಳುವುದರಲ್ಲಿ ಅರ್ಥ ಇದೆ. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ದೊಡ್ಡ ಹೋಟೆಲಿನ ಆ ಬಾಡಿಗೆಯನ್ನು ನಾನು ಯಾವತ್ತೂ ಜೇಬಿನಿಂದ ಕೊಡುವವನೇ ಅಲ್ಲ. ಕೊಡದೇ ಇರುವ ದುಡ್ಡನ್ನು ಉಳಿಸಿದೆ ಅಂತ ಖುಷಿ ಪಡುವುದರಲ್ಲಿ ಏನಿದೆ? ಎಕ್ಸ್‌ಪ್ರೆಸ್‌ನ ಬಾಡಿಗೆ ಹಾಗಲ್ಲ, ಪಾಯಿಂಟ್ಸ್ ಇಲ್ಲದಿದ್ದರೆ ಅದನ್ನು ನಾನು ಖಂಡಿತ ಕಟ್ಟುತ್ತಿದ್ದೆ. ಅಲ್ಲಿ ಉಳಿದದ್ದು ನಿಜವಾದ ದುಡ್ಡು.

ಇದರ ಜೊತೆಗೆ ತಿಂಡಿಯ ವಿಷಯ ಇದೆ. ಎಕ್ಸ್‌ಪ್ರೆಸ್‌ನಲ್ಲಿ ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತದೆ, ಪಾಯಿಂಟ್ಸ್ ಕೊಟ್ಟು ಬುಕ್ ಮಾಡಿದರೂ ಸಿಗುತ್ತದೆ. ದೊಡ್ಡ ಹೋಟೆಲಿನಲ್ಲಿ ಸಾಮಾನ್ಯವಾಗಿ ರೂಮು ಮಾತ್ರ ಫ್ರೀ. ಬಫೆಗೆ ತಲೆಗೆ ಇಷ್ಟು ಡಾಲರ್ ಅಂತ ಬೇರೆ, ಅದರ ಮೇಲೆ ಸರ್ವಿಸ್ ಚಾರ್ಜ್, ಅದರ ಮೇಲೆ ಟ್ಯಾಕ್ಸ್. ಮೂರು ಜನ ಬೆಳಗ್ಗೆ ತಿಂದು ಎದ್ದರೆ ಫ್ರೀ ರೂಮು ಎಷ್ಟು ಫ್ರೀ ಅಂತ ಗೊತ್ತಾಗುತ್ತದೆ.

ಸಿಂಗಾಪುರದಲ್ಲಿ ಹೋಟೆಲ್ ರೇಟಿನ ಮುಂದೆ ಎರಡು ಪ್ಲಸ್ ಗುರುತು ಹಾಕಿರುವುದು ನೋಡಿರಬಹುದು. ಮೊದಲನೆಯದು ಶೇ. 10 ಸರ್ವಿಸ್ ಚಾರ್ಜ್, ಎರಡನೆಯದು ಜಿಎಸ್‌ಟಿ, 2024ರ ಜನವರಿಯಿಂದ ಅದು ಶೇ. 9. ಜಿಎಸ್‌ಟಿ ಬೀಳುವುದು ಸರ್ವಿಸ್ ಚಾರ್ಜ್ ಸೇರಿದ ಮೊತ್ತದ ಮೇಲೆ. ಅಂದರೆ 200 ಸಿಂಗಾಪುರ್ ಡಾಲರ್ ಅಂತ ತೋರಿಸಿದ ರೂಮಿಗೆ ಕೊನೆಗೆ ಕಟ್ಟುವುದು ಹತ್ತಿರ ಹತ್ತಿರ 240. ಪಾಯಿಂಟ್ಸ್‌ನಲ್ಲಿ ಬುಕ್ ಮಾಡಿದರೆ ಇವೆರಡೂ ಅದರಲ್ಲೇ ಮುಗಿಯುತ್ತದೆ. ಹಾಗಾಗಿ ಹೋಲಿಸುವಾಗ 200ರ ಜೊತೆ ಹೋಲಿಸಬಾರದು, 240ರ ಜೊತೆ ಹೋಲಿಸಬೇಕು. ಎಲ್ಲ ದೇಶದಲ್ಲೂ ಹೀಗೆ ಅಂದುಕೊಳ್ಳಬೇಡಿ. ಪಕ್ಕದ ಮಲೇಷ್ಯಾದಲ್ಲಿ ವಿದೇಶದವರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಟೂರಿಸಂ ಟ್ಯಾಕ್ಸ್ ಇದೆ, ಪಾಯಿಂಟ್ಸ್ ಕೊಟ್ಟವರೂ ಅದನ್ನು ಕೌಂಟರಿನಲ್ಲಿ ಕಟ್ಟಬೇಕು.

ಈಗ ಲೆಕ್ಕ ಹೇಗೆ ಹಾಕುವುದು ನೋಡಿ. ಐಎಚ್‌ಜಿಯವರೇ ಪಾಯಿಂಟ್ಸ್ ಮಾರುತ್ತಾರೆ. ಆಫರ್ ಇದ್ದಾಗ ಒಂದು ಪಾಯಿಂಟು ಅರ್ಧ ಅಮೆರಿಕನ್ ಸೆಂಟಿಗೆ ಸಿಗುತ್ತದೆ. ಅರ್ಧ ಸೆಂಟಿಗೆ ಕೊಳ್ಳಬಹುದಾದ ವಸ್ತುವನ್ನು ಅದಕ್ಕಿಂತ ಕಡಿಮೆ ಬೆಲೆಗೆ ಖರ್ಚು ಮಾಡುವುದು ಬೇಡ, ಇದೇ ನನ್ನ ಗೆರೆ. ಮೇಲಿನ 240 ಸಿಂಗಾಪುರ್ ಡಾಲರ್ ಅಂದರೆ ಸುಮಾರು 185 ಅಮೆರಿಕನ್ ಡಾಲರ್. ಅದೇ ರೂಮಿಗೆ 30,000 ಪಾಯಿಂಟ್ ಕೇಳಿದರೆ ಪಾಯಿಂಟಿಗೆ 0.6 ಸೆಂಟ್ ಬಂತು, ಧಾರಾಳವಾಗಿ ಕೊಡಬಹುದು. ಅದೇ ರೂಮು ಎಲ್ಲ ಸೇರಿ 120 ಅಮೆರಿಕನ್ ಡಾಲರಿಗೆ ಸಿಗುವ ದಿನ 30,000 ಕೊಟ್ಟರೆ 0.4 ಸೆಂಟ್. ಅವತ್ತು ಕಾರ್ಡ್ ಉಜ್ಜಿ ದುಡ್ಡು ಕಟ್ಟುವುದೇ ವಾಸಿ, ಮೇಲೆ ಒಂದಷ್ಟು ಪಾಯಿಂಟ್ಸ್ ಬೇರೆ ಬರುತ್ತದೆ. ಈ ಅಂಕಿಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ, ನಿಮ್ಮ ದಿನಕ್ಕೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಯಾಕೆಂದರೆ ಪಾಯಿಂಟ್ಸ್ ರೇಟಿಗೂ ಒಂದು ನಿಗದಿ ಇಲ್ಲ. ಅದೇ ಹೋಟೆಲು, ಅದೇ ರೂಮು, ಬುಧವಾರ ಒಂದು, ಶನಿವಾರ ಇನ್ನೊಂದು. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಮರೀನಾ ಬೇಯಲ್ಲಿ ಫಾರ್ಮುಲಾ ಒನ್ ರೇಸ್ ನಡೆಯುತ್ತದೆ, 2008ರಿಂದ ರಾತ್ರಿ ಹೊತ್ತು ಓಡಿಸುವ ರೇಸ್ ಅದು. ಆ ವಾರ ಊರಿನ ಎಲ್ಲ ಹೋಟೆಲ್ ರೇಟೂ ಮೇಲೇರುತ್ತದೆ, ಆ ಕಡೆ ತಲೆಯೇ ಹಾಕಬೇಡಿ. ನಾನು ತಾರೀಖು ಮೊದಲು ಹಿಡಿದು ಹೋಟೆಲ್ ಹುಡುಕಲಿಲ್ಲ. ಆ್ಯಪ್‌ನಲ್ಲಿ ದಿನ ಬದಲಿಸುತ್ತಾ ಕೂತು, ಪಾಯಿಂಟ್ಸ್ ಕಡಿಮೆ ಕೇಳುವ ದಿನಗಳು ಒಟ್ಟಿಗೆ ಎಲ್ಲಿ ಸಿಗುತ್ತವೆ ಅಂತ ನೋಡಿ, ಆಮೇಲೆ ವಿಮಾನದ ಟಿಕೆಟ್ ನೋಡಿದೆ. ನಿಮಗೆ ಮಕ್ಕಳ ಸ್ಕೂಲ್ ರಜೆ ನೋಡಿಕೊಂಡು ಹೋಗುವ ಕಷ್ಟ ಇದ್ದರೆ ಈ ಸೌಲಭ್ಯ ಇರುವುದಿಲ್ಲ, ಅದು ನಿಜ.

ಸಿಂಗಾಪುರದಲ್ಲಿ ಹಾಲಿಡೇ ಇನ್ ಎಕ್ಸ್‌ಪ್ರೆಸ್ ಒಂದಲ್ಲ, ಕ್ಲಾರ್ಕ್ ಕ್ವೇ, ಆರ್ಚರ್ಡ್, ಕಟೋಂಗ್, ಸೆರಾಂಗೂನ್ ಅಂತ ಹಲವು ಇವೆ. ಕ್ಲಾರ್ಕ್ ಕ್ವೇಯದರಲ್ಲಿ ಮಹಡಿ ಮೇಲೆ ಈಜುಕೊಳ ಇದೆ, ನನ್ನವಳ ಕಣ್ಣು ಅದರ ಮೇಲೆ ಇತ್ತು. "ರೀ, ನೀರಲ್ಲಿ ಕೂತು ಊರು ನೋಡಬಹುದಂತೆ" ಅಂದಳು. ನಾನು ಸೆರಾಂಗೂನ್ ಅಂದೆ. ಕಾರಣ ಅಮ್ಮ. ಅದು ಇರುವುದು ಜಲನ್ ಬೆಸಾರ್ ರಸ್ತೆಯಲ್ಲಿ, ಲಿಟಲ್ ಇಂಡಿಯಾದ ಅಂಚಿನಲ್ಲಿ. ಫ್ಯಾರರ್ ಪಾರ್ಕ್ ಮೆಟ್ರೋ ಸ್ಟೇಷನ್ನಿಗೂ ನಡೆಯಬಹುದು, ಮುಸ್ತಫಾ ಅಂಗಡಿಗೂ ನಡೆಯಬಹುದು. ಸೆರಾಂಗೂನ್ ರಸ್ತೆಯಲ್ಲಿ ಶ್ರೀನಿವಾಸ ಪೆರುಮಾಳ್ ದೇವಸ್ಥಾನ, ಮುಂದೆ ಹೋದರೆ ವೀರಮಾಕಾಳಿಯಮ್ಮನ ದೇವಸ್ಥಾನ, 1947ರಿಂದ ನಡೆಯುತ್ತಿರುವ ಸಸ್ಯಾಹಾರಿ ಹೋಟೆಲು ಕೋಮಲ ವಿಲಾಸ್. ಮಾಂಸ ಮುಟ್ಟದ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಈ ಒಂದು ರಸ್ತೆ ಹತ್ತಿರ ಇದ್ದರೆ ಅರ್ಧ ತಲೆನೋವು ಕಡಿಮೆ. ಈಜುಕೊಳದ ಬದಲಿಗೆ ಒಂದು ಸಂಜೆ ಮರೀನಾ ಬೇ ತೋರಿಸುವುದಾಗಿ ಒಪ್ಪಂದ ಆಯಿತು.

ರೂಮುಗಳು ಚಿಕ್ಕವು. ಮೂರು ದೊಡ್ಡವರು ಒಂದರಲ್ಲಿ ಹಿಡಿಸುವುದು ಕಷ್ಟ, ಹುಡುಕುವಾಗ ಮೂರು ಜನ ಅಂತ ಹಾಕಿದರೆ ಪಾಯಿಂಟ್ಸ್ ರೂಮು ತೋರಿಸುವುದೇ ಕಡಿಮೆ. ಸುಮ್ನೆ ಇಬ್ಬರು ಅಂತ ಹಾಕಿ ಮೂರು ಜನ ಹೋಗಿ ನಿಲ್ಲುವುದು ಬೇಡ, ಕೌಂಟರಿನಲ್ಲಿ ಅಮ್ಮನ ಮುಂದೆ ಆ ಮಾತುಕತೆ ಯಾಕೆ ಬೇಕು? ಎರಡು ರೂಮು ಬೇಕಾಯಿತು. ಎರಡಕ್ಕೂ ಆಗುವಷ್ಟು ಪಾಯಿಂಟ್ಸ್ ಇರಲಿಲ್ಲ, ಹಾಗಾಗಿ ಒಂದು ರೂಮು ಪಾಯಿಂಟ್ಸ್, ಒಂದು ರೂಮು ದುಡ್ಡು. ಎರಡನ್ನೂ ನನ್ನ ಹೆಸರಲ್ಲಿ ಬೇರೆ ಬೇರೆಯಾಗಿ ಬುಕ್ ಮಾಡಿ, ಅಕ್ಕಪಕ್ಕ ಕೊಡಿ ಅಂತ ಹೋಟೆಲಿಗೆ ಮೇಲ್ ಬರೆದೆ. ನಾವೂ ಅಲ್ಲೇ ಉಳಿದು ನಾವೇ ದುಡ್ಡು ಕಟ್ಟಿದರೆ ಮೂರು ರೂಮಿನವರೆಗೆ ಪಾಯಿಂಟ್ಸ್ ನಮ್ಮ ಖಾತೆಗೇ ಬರುತ್ತದೆ, ಈ ನಿಯಮ ತುಂಬಾ ಜನಕ್ಕೆ ಗೊತ್ತಿಲ್ಲ. ಪಾಯಿಂಟ್ಸ್ ಕೊಟ್ಟು ಉಳಿದ ರಾತ್ರಿಗಳೂ ಸಿಲ್ವರ್, ಗೋಲ್ಡ್ ಲೆಕ್ಕಕ್ಕೆ ಸೇರುತ್ತವೆ.

ಪಾಯಿಂಟ್ಸ್ ಸ್ವಲ್ಪ ಕಡಿಮೆ ಬಿದ್ದರೆ ಪಾಯಿಂಟ್ಸ್ ಜೊತೆ ಕ್ಯಾಶ್ ಅನ್ನುವ ಆಯ್ಕೆ ಇದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ನೀವು ಕೊಡುವ ಕ್ಯಾಶ್ ನಿಜವಾಗಿ ಕೊರತೆಯ ಪಾಯಿಂಟ್ಸ್ ಕೊಳ್ಳುತ್ತದೆ. ಆಮೇಲೆ ಬುಕಿಂಗ್ ಕ್ಯಾನ್ಸಲ್ ಮಾಡಿದರೆ ವಾಪಸ್ ಬರುವುದು ಪೂರ್ತಿ ಪಾಯಿಂಟ್ಸ್, ದುಡ್ಡು ಅಲ್ಲ. ಪ್ರಯಾಣ ಗಟ್ಟಿ ಆಗದ ಹೊತ್ತಿನಲ್ಲಿ ಈ ಆಯ್ಕೆ ನನಗೆ ಬೇಡ ಅನಿಸಿತು. ಬರೀ ಪಾಯಿಂಟ್ಸ್‌ನಲ್ಲಿ ಮಾಡಿದ ಬುಕಿಂಗನ್ನು ಸಾಮಾನ್ಯವಾಗಿ ಹೋಗುವ ಒಂದೆರಡು ದಿನ ಮುಂಚಿನವರೆಗೂ ಕ್ಯಾನ್ಸಲ್ ಮಾಡಬಹುದು, ಗಡುವು ಎಷ್ಟು ಅಂತ ಬುಕಿಂಗ್‌ನಲ್ಲೇ ಬರೆದಿರುತ್ತದೆ. ಹಾಗಾಗಿ ವೀಸಾ ಬರುವ ಮುಂಚೆಯೇ ಧೈರ್ಯವಾಗಿ ಬುಕ್ ಮಾಡಿದೆ. ನಡುವೆ ವಾರಕ್ಕೊಮ್ಮೆ ರೇಟ್ ನೋಡುತ್ತಿದ್ದೆ. ಪಾಯಿಂಟ್ಸ್ ಕಡಿಮೆ ಆದ ದಿನ ಹೊಸದು ಬುಕ್ ಮಾಡಿ, ಅದು ಖಾತ್ರಿ ಆದ ಮೇಲೆ ಹಳೆಯದು ಬಿಟ್ಟೆ. ಈ ಕ್ರಮ ಉಲ್ಟಾ ಮಾಡಬೇಡಿ.

ವೀಸಾಗೆ ನಮ್ಮವರು ಸಿಂಗಾಪುರದ ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಫೀಸು 30 ಸಿಂಗಾಪುರ್ ಡಾಲರ್, ಏಜೆಂಟರ ಚಾರ್ಜ್ ಬೇರೆ. ಹೋಟೆಲ್ ಬುಕಿಂಗ್ ಕೇಳಿದರು, ಪಾಯಿಂಟ್ಸ್‌ನ ಬುಕಿಂಗ್ ಮೇಲ್ ಪ್ರಿಂಟ್ ಕೊಟ್ಟೆ. "ಇದರಲ್ಲಿ ದುಡ್ಡು ಕಟ್ಟಿದ್ದು ಇಲ್ಲವಲ್ಲ ಸಾರ್" ಅಂತ ಒಂದು ಪ್ರಶ್ನೆ ಬಂತು, ವಿವರಿಸಿದ ಮೇಲೆ ಒಪ್ಪಿಕೊಂಡರು. ಸಿಂಗಾಪುರ ತಲುಪುವ ದಿನವೂ ಸೇರಿ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಅನ್ನುವ ಆನ್‌ಲೈನ್ ಫಾರಂ ತುಂಬಬೇಕು. ಸರ್ಕಾರದ ಸೈಟಿನಲ್ಲಿ ಅದು ಫ್ರೀ, ದುಡ್ಡು ಕೇಳುವ ಸೈಟ್ ಕಂಡರೆ ಮುಚ್ಚಿಬಿಡಿ.

ಚಾಂಗಿ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಬೇಕಾಗಲಿಲ್ಲ. ಮೆಟ್ರೋದಲ್ಲಿ ಒಂದೇ ಸ್ಟಾಪ್ ಹೋಗಿ ಎಕ್ಸ್‌ಪೋದಲ್ಲಿ ಇಳಿದು, ಡೌನ್‌ಟೌನ್ ಲೈನ್ ಹತ್ತಿದರೆ ಬೆಂಡೆಮೀರ್‌ವರೆಗೆ ನೇರ. ಅಲ್ಲಿಂದ ಸ್ವಲ್ಪ ನಡಿಗೆ. ಬೆಂಗಳೂರಿಂದ ರಾತ್ರಿ ವಿಮಾನ ಹತ್ತಿದರೆ ಬೆಳಗ್ಗೆ ಇಳಿಯುತ್ತೀರಿ, ರೂಮು ಸಿಗುವುದು ಮಧ್ಯಾಹ್ನ. ಬ್ಯಾಗು ಇಟ್ಟು ಮುಖ ತೊಳೆದು ನೇರ ಪೆರುಮಾಳ್ ದೇವಸ್ಥಾನಕ್ಕೆ ಹೋದೆವು, ಅಲ್ಲಿಂದ ಕೋಮಲ ವಿಲಾಸಕ್ಕೆ ತಿಂಡಿಗೆ. ಅಮ್ಮನಿಗೆ ವಿದೇಶಕ್ಕೆ ಬಂದ ಹಾಗೇ ಅನಿಸಲಿಲ್ಲವಂತೆ, ಇದು ಹೊಗಳಿಕೆಯೋ ಬೈಗುಳವೋ ನನಗೆ ಗೊತ್ತಾಗಲಿಲ್ಲ.

ಚೆಕ್‌ಇನ್‌ನಲ್ಲಿ ರೂಮು ಫ್ರೀ ಇದ್ದರೂ ಕಾರ್ಡ್ ಕೇಳುತ್ತಾರೆ. ಡೆಪಾಸಿಟ್ ಅಂತ ಸ್ವಲ್ಪ ಮೊತ್ತ ಬ್ಲಾಕ್ ಮಾಡುತ್ತಾರೆ, ಹೋಗುವಾಗ ಬಿಡುತ್ತಾರೆ. ಇಲ್ಲಿ ವಿದೇಶದ ದುಡ್ಡು ತುಂಬಿಸಿಕೊಂಡ ಫಾರೆಕ್ಸ್ ಕಾರ್ಡ್ ಅಥವಾ ಡೆಬಿಟ್ ಕಾರ್ಡ್ ಕೊಡಬೇಡಿ. ಬ್ಲಾಕ್ ಆದ ದುಡ್ಡು ವಾಪಸ್ ಬರುವುದಕ್ಕೆ ದಿನಗಟ್ಟಲೆ ಹಿಡಿಯಬಹುದು, ಅಷ್ಟರಲ್ಲಿ ನೀವು ಊರಲ್ಲಿರುತ್ತೀರಿ. ಕ್ರೆಡಿಟ್ ಕಾರ್ಡ್ ಕೊಟ್ಟರೆ ಬರೀ ಲಿಮಿಟ್ ಕಡಿಮೆ ಆಗುತ್ತದೆ, ಕೈಯಲ್ಲಿರುವ ದುಡ್ಡು ಕೈಯಲ್ಲೇ ಇರುತ್ತದೆ.

ತಿಂಡಿಯಲ್ಲಿ ಇಡ್ಲಿ ದೋಸೆ ನಿರೀಕ್ಷಿಸಬೇಡಿ. ಬ್ರೆಡ್ಡು, ಬೆಣ್ಣೆ, ಹಣ್ಣು, ಮೊಸರು, ಕಾರ್ನ್‌ಫ್ಲೇಕ್ಸ್, ಕಾಫಿ ಮಷೀನು, ಇಷ್ಟು ನಮಗೆ ಆಗುವಂಥದ್ದು. ಬಿಸಿ ಪಾತ್ರೆಗಳಲ್ಲಿ ಇರುವುದನ್ನು ಕೇಳಿ ಹಾಕಿಕೊಳ್ಳಿ, ತರಕಾರಿ ನೂಡಲ್ಸ್ ಥರ ಕಂಡರೂ ಮೀನಿನ ಸಾಸ್ ಬಿದ್ದಿರಬಹುದು. ಅಮ್ಮ ತಂದಿದ್ದ ಚಟ್ನಿಪುಡಿ ಮೊಸರಿಗೆ ಬಿದ್ದಾಗ ಪಕ್ಕದ ಟೇಬಲ್ಲಿನವರು ಬಗ್ಗಿ ನೋಡಿದರು. "ಲೋ, ಅವರಿಗೂ ಸ್ವಲ್ಪ ಕೊಡೋ" ಅಂದರು ಅಮ್ಮ. ಕೊಟ್ಟೆ, ಅವರು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದರು. ಒಂದಂತೂ ನಿಜ, ಬೆಳಗ್ಗೆ ಹೊಟ್ಟೆ ತುಂಬ ತಿಂದು ಹೊರಟರೆ ಮಧ್ಯಾಹ್ನದವರೆಗೆ ಡಾಲರ್ ಲೆಕ್ಕ ಹಾಕುವ ಕೆಲಸ ಇರುವುದಿಲ್ಲ.

ಕೂಡಿಟ್ಟ ಪಾಯಿಂಟ್ಸ್ ಬಗ್ಗೆ ಒಂದು ಎಚ್ಚರಿಕೆ ಇದೆ. ಸಿಲ್ವರ್ ಕೂಡ ಆಗದವರ ಖಾತೆಯಲ್ಲಿ 12 ತಿಂಗಳು ಏನೂ ಓಡಾಟ ಇಲ್ಲದಿದ್ದರೆ ಪಾಯಿಂಟ್ಸ್ ಹೋಗಿಬಿಡುತ್ತದೆ. ಸಿಲ್ವರ್ ಮತ್ತು ಅದಕ್ಕಿಂತ ಮೇಲಿನವರಿಗೆ ಈ ಗಡುವು ಇಲ್ಲ. ಕೆಲಸ ಬದಲಾಗಿ ಟೂರ್ ನಿಂತವರು ಇದನ್ನು ನೋಡಿಕೊಳ್ಳಬೇಕು. ಹಾಗಂತ ಮುಂದೆ ಯಾವತ್ತೋ ದೊಡ್ಡ ಹೋಟೆಲಿಗೆ ಅಂತ ವರ್ಷಗಟ್ಟಲೆ ಇಟ್ಟುಕೊಂಡು ಕೂರುವುದೂ ಬೇಡ. ಇವತ್ತು 25,000 ಕೇಳುವ ರೂಮು ನಾಳೆ 35,000 ಕೇಳಬಹುದು, ಈ ದುಡ್ಡಿಗೆ ಬಡ್ಡಿ ಯಾರೂ ಕೊಡುವುದಿಲ್ಲ.

ದುಡ್ಡು ಕಟ್ಟಿದ ರೂಮಿನ ಪಾಯಿಂಟ್ಸ್ ಊರಿಗೆ ಬಂದ ಕೆಲವು ದಿನಕ್ಕೆ ಖಾತೆಗೆ ಬಿತ್ತು. ಸಿಂಗಾಪುರದ ಬಾಡಿಗೆ ನಮ್ಮದಕ್ಕಿಂತ ಜಾಸ್ತಿ, ಹಾಗಾಗಿ ಬರುವ ಪಾಯಿಂಟ್ಸ್ ಕೂಡ ಜಾಸ್ತಿ. ಮುಂದಿನ ಸಲ ಕ್ಲಾರ್ಕ್ ಕ್ವೇ ಅಂತ ಮನೆಯಲ್ಲಿ ಈಗಾಗಲೇ ತೀರ್ಮಾನ ಆಗಿದೆ, ನನ್ನನ್ನು ಯಾರೂ ಕೇಳಲಿಲ್ಲ.